ಬೆಣ್ಣೆಹಣ್ಣಿಗೆ ಹುಳಿ ಹಿಂಡಿದವರು

ಬೆಣ್ಣೆಹಣ್ಣಿನ ವಿಷಯದಲ್ಲಿ ಜಗತ್ತು ಎರಡು ಪಕ್ಷವಾಗಿ ಒಡೆದು ನಿಂತಿದೆ. ಒಂದು ಸಕ್ಕರೆ ಪಕ್ಷ, ಇನ್ನೊಂದು ಉಪ್ಪಿನ ಪಕ್ಷ. ಬೆಂಗಳೂರು ಮೊದಲಿನಿಂದಲೂ ಸಕ್ಕರೆ ಪಕ್ಷದ ಭದ್ರಕೋಟೆ. ಇಲ್ಲಿನ ಜ್ಯೂಸ್ ಅಂಗಡಿಗೆ ಹೋಗಿ 'ಒಂದು ಬಟರ್‌ಫ್ರೂಟ್' ಅಂದರೆ ಸಾಕು; ಹಾಲು, ಸಕ್ಕರೆ, ಐಸು ಹಾಕಿ ಮಿಕ್ಸಿಯಲ್ಲಿ ಗರಗರ ತಿರುಗಿಸಿ, ನೆಟ್ಟ ಸ್ಟ್ರಾ ನೆಟ್ಟಗೇ ನಿಲ್ಲುವಂಥ ತಿಳಿಹಸಿರು ಪದಾರ್ಥವೊಂದನ್ನು ಕೈಗಿಡುತ್ತಾರೆ. ಹೀರಿ ಹೀರಿ ಕೆನ್ನೆ ನೋಯಿಸಿಕೊಂಡ ಮೇಲೆ ಅಂಗಡಿಯವನೇ ಕನಿಕರಪಟ್ಟು ಚಮಚ ಕೊಡುತ್ತಾನೆ. ನಮ್ಮ ಪಕ್ಷ ಸಣ್ಣದು ಅಂದುಕೊಳ್ಳಬೇಡಿ. ಬ್ರೆಜಿಲ್ ನಮ್ಮ ಜೊತೆಗಿದೆ. ಅಲ್ಲೂ ಹಾಲು, ಸಕ್ಕರೆ ಹಾಕಿಯೇ ಕುಡಿಯುತ್ತಾರೆ, ಅದಕ್ಕೆ 'ವಿಟಮಿನಾ' ಎಂಬ ಆರೋಗ್ಯವಂತ ಹೆಸರು ಬೇರೆ. ವಿಯೆಟ್ನಾಂನವರು ಡಬ್ಬಿಯ ಮಿಲ್ಕ್‌ಮೇಡಿನಂಥ ಗಟ್ಟಿ ಹಾಲು ಸುರಿಯುತ್ತಾರೆ. ಇಂಡೊನೇಷ್ಯಾದವರು ಲೋಟದ ಒಳಗೋಡೆಗೆ ಚಾಕೊಲೇಟ್ ಬಳಿಯುತ್ತಾರೆ. ಹೀಗೆ ಎರಡು ಖಂಡಗಳಿಗೆ ಹಬ್ಬಿದ ಮೈತ್ರಿಕೂಟ ನಮ್ಮದು.

ಉಪ್ಪಿನ ಪಕ್ಷದ ಹೈಕಮಾಂಡ್ ಇರುವುದು ಮೆಕ್ಸಿಕೊದಲ್ಲಿ. ಹಣ್ಣು ಹುಟ್ಟಿದ್ದೇ ಆ ಸೀಮೆಯಲ್ಲಾದ್ದರಿಂದ ಅವರ ಮಾತಿಗೆ ತೂಕ ಹೆಚ್ಚು. ಅವರ ಗ್ವಾಕಮೋಲೆ ಈಗ ಬೆಂಗಳೂರಿನ ಮಾಲುಗಳಿಗೂ ಬಂದು, ಚಿಪ್ಸಿನ ಪಕ್ಕ ಕೂತು, ಬಿಲ್ಲಿನಲ್ಲಿ ತನ್ನದೇ ಒಂದು ಸಾಲು ಹಿಡಿದುಕೊಂಡಿದೆ. ದಕ್ಷಿಣ ಅಮೆರಿಕದ ಶಾಖೆಗಳಲ್ಲಿ ಮಾತ್ರ ಶಿಸ್ತು ಕಡಿಮೆ. ಚಿಲಿಯವರು ಉದ್ದನೆಯ ಬನ್ನಿನೊಳಗೆ ಸಾಸೇಜ್ ಇಟ್ಟು, ಮೇಲೆ ಟೊಮೆಟೊ, ಜಜ್ಜಿದ ಬೆಣ್ಣೆಹಣ್ಣು, ಮೇಯೊನೀಸ್ ಹೇರಿ, ಕೆಂಪು-ಹಸಿರು-ಬಿಳಿ ಮೂರೂ ಬಂತಲ್ಲ ಎಂದು ಅದನ್ನು 'ಇಟಾಲಿಯಾನೊ' ಅನ್ನುತ್ತಾರೆ. ಇಟಲಿಗೂ ಅದಕ್ಕೂ ಇರುವ ನಂಟು ಬಾವುಟದ ಬಣ್ಣದ್ದು ಮಾತ್ರ. ಕೊಲಂಬಿಯಾದವರು ಗ್ವಾಕಮೋಲೆಗೆ ಬೇಯಿಸಿದ ಮೊಟ್ಟೆ ಹೆಚ್ಚಿ ಹಾಕಿ, ಎಲ್ಲರಿಗೂ ಆಗಿಬರುತ್ತದೆ ಎಂದು ಸುಮ್ಮನಾಗುತ್ತಾರೆ. ಇವರೆಲ್ಲರ ನಡುವೆ ಒಂದು ಬಂಡಾಯ ಶಾಖೆಯಿದೆ. ವೆನೆಜುವೆಲಾ. ಈ ಹರಟೆ ಅವರದು.

ಅವರ ಪದಾರ್ಥದ ಹೆಸರು ಗ್ವಾಸಕಾಕಾ. ಧಾರವಾಡ ಕಡೆಯವರು 'ಯಾವೂರ ಕಾಕಾ ಇವರು?' ಎಂದು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಯಾರ ಕಾಕಾನೂ ಅಲ್ಲ, ಹಸಿರು ಬಣ್ಣದ, ತುಸು ನೀರಾದ, ಹುಳಿ ಮುಂದಾದ ಒಂದು ಸಾಲ್ಸಾ. ಹೊರದೇಶದ ಮೆನು ಕಾರ್ಡುಗಳು ಇದನ್ನು 'ವೆನೆಜುವೆಲಾದ ಗ್ವಾಕಮೋಲೆ' ಎಂದು ಪರಿಚಯಿಸುವುದುಂಟು. ಯಾರಾದರೂ ಬಿಸಿಬೇಳೆಬಾತನ್ನು 'ಕರ್ನಾಟಕದ ಖಿಚಡಿ' ಅಂದರೆ ನಮಗೆ ಎಲ್ಲಿ ಉರಿಯುತ್ತದೋ ಕರಾಕಸ್‌ನವರಿಗೂ ಅಲ್ಲೇ ಉರಿಯುತ್ತದೆ. ಅಕ್ಕಿಬೇಳೆ ಎರಡರಲ್ಲೂ ಇದೆಯಲ್ಲಾ ಎಂದು ಸಮಾಧಾನ ಹೇಳಲು ಹೋದವರು ಊಟ ಸಿಗದೆ ವಾಪಸು ಬರಬೇಕಾದೀತು.

ವ್ಯತ್ಯಾಸ ಎಲ್ಲಿದೆ ಎಂದರೆ, ಗ್ವಾಕಮೋಲೆಯಲ್ಲಿ ಬೆಣ್ಣೆಹಣ್ಣಿಗೆ ಪೂರ್ಣ ಬಹುಮತ. ಈರುಳ್ಳಿ, ಟೊಮೆಟೊ, ಮೆಣಸಿನಕಾಯಿ ಎಲ್ಲ ಹಿಂದಿನ ಬೆಂಚಿನವು. ಗ್ವಾಸಕಾಕಾದಲ್ಲಿ ಕೊತ್ತಂಬರಿ ಸೊಪ್ಪು, ಪಾರ್ಸ್ಲಿ, ದೊಣ್ಣೆಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ, ವಿನಿಗರ್, ಎಣ್ಣೆ ಇಷ್ಟೂ ಸೇರಿ ಸರ್ಕಾರ ನಡೆಸುತ್ತವೆ; ಬೆಣ್ಣೆಹಣ್ಣಿನದು ಹೊರಗಿನಿಂದ ಬೆಂಬಲ. ಹಣ್ಣಿನ ಬೆಲೆ ಏರಿದಾಗ ಆ ಬೆಂಬಲ ವಾಪಸಾಗುವುದೂ ಉಂಟು. ಸುಟ್ಟ ಕೋಳಿ ಮಾರುವ ಎಷ್ಟೋ ಅಂಗಡಿಗಳಲ್ಲಿ ಗ್ವಾಸಕಾಕಾ ಎಂದು ಕೊಡುವ ಹಸಿರು ನೀರಿನಲ್ಲಿ ಬೆಣ್ಣೆಹಣ್ಣಿನ ಸುಳಿವೇ ಇರುವುದಿಲ್ಲ. ಆದರೂ ಸರ್ಕಾರ ಬೀಳುವುದಿಲ್ಲ. ಸೊಪ್ಪು, ಬೆಳ್ಳುಳ್ಳಿ, ಹುಳಿ ಗಟ್ಟಿಯಾಗಿದ್ದರೆ ಜನ ನೆಕ್ಕಿಕೊಂಡು ತಿನ್ನುತ್ತಾರೆ. ಇದನ್ನು ಮೊದಲು ತಲೆಗೆ ಹಾಕಿಕೊಂಡು ಅಡುಗೆಮನೆಗೆ ಹೋಗಬೇಕು. ಗ್ವಾಕಮೋಲೆಯ ಲೆಕ್ಕದಲ್ಲಿ ಗ್ವಾಸಕಾಕಾ ಮಾಡಲು ಹೊರಟರೆ ಎರಡೂ ಅಲ್ಲದ ಮೂರನೆಯದೇನೋ ಆಗುತ್ತದೆ.

ಇನ್ನೊಂದು ವಿಷಯ. ಗ್ವಾಸಕಾಕಾವನ್ನು ಒಂಟಿಯಾಗಿ ಯಾರೂ ತಿನ್ನುವುದಿಲ್ಲ. ಚಿಪ್ಸ್ ಅದ್ದಿಕೊಂಡು ಟೀವಿ ಮುಂದೆ ಕೂರುವ ಸರಕು ಇದಲ್ಲ. ವೆನೆಜುವೆಲಾದ ಬೀದಿ ಬದಿಯ ಎಂಪನಾಡಾ ಗಾಡಿಯ ಮುಂದೆ ನಿಂತು ನೋಡಬೇಕು. ಎಂಪನಾಡಾ ಅಂದರೆ ಜೋಳದ, ಅಂದರೆ ಮೆಕ್ಕೆಜೋಳದ, ಹಿಟ್ಟಿನ ಅರ್ಧಚಂದ್ರ. ಒಳಗೆ ಮಾಂಸವೋ, ಚೀಸೋ, ಕಪ್ಪು ಬೀನ್ಸ್ ಕಾಳೋ ಇಟ್ಟು ಎಣ್ಣೆಯಲ್ಲಿ ಕರಿದದ್ದು. ಗಿರಾಕಿ ಅದನ್ನು ಕಾಗದದಲ್ಲಿ ಹಿಡಿದು ತುದಿಯಲ್ಲೊಂದು ಬಾಯಿ ಕಚ್ಚುತ್ತಾನೆ. ತೂತು ಬೀಳುತ್ತದೆ, ಹಬೆ ಹೊರಗೆ ಬರುತ್ತದೆ. ಆ ತೂತಿಗೆ ಬಾಟಲಿಯ ಮೂತಿ ಹಿಡಿದು ಹಸಿರು ಸಾಲ್ಸಾ ಇಳಿಬಿಡುತ್ತಾನೆ. ಇನ್ನೊಂದು ಬಾಯಿ, ಇನ್ನೊಂದು ಧಾರೆ. ಎಡಗೈಯಲ್ಲಿ ಎಂಪನಾಡಾ, ಬಲಗೈಯಲ್ಲಿ ಬಾಟಲಿ; ಪಕ್ಕದವನು ಬಾಟಲಿಗಾಗಿ ಕಾಯುತ್ತಾ, ತನ್ನ ಎಂಪನಾಡಾದ ಬಾಯಿ ತೆರೆದಿಟ್ಟುಕೊಂಡು, ಇವನನ್ನೇ ದುರುಗುಟ್ಟಿ ನೋಡುತ್ತಿರುತ್ತಾನೆ. ತಟ್ಟೆಯ ಮೂಲೆಗೆ ಒಂದಿಷ್ಟು ಹಾಕಿಕೊಂಡು ಅದ್ದಿ ತಿಂದರೆ ಆಗದೇ ಎಂದು ಕೇಳಬೇಡಿ. ಆಗುವುದಿಲ್ಲ.

ರಾತ್ರಿಯಾದರೆ ಅಲ್ಲಿನ ಊರುಗಳಲ್ಲಿ 'ಹಸಿವಿನ ಬೀದಿ' ಎಂದೇ ಕರೆಯುವ ಗಾಡಿಸಾಲುಗಳಿಗೆ ಜೀವ ಬರುತ್ತದೆ. ಹಾಟ್‌ಡಾಗ್, ಹಂಬರ್ಗರ್, ಮಾಂಸದ ಚೂರು ತುಂಬಿದ ಉದ್ದ ಬ್ರೆಡ್ಡು. ಪ್ರತಿ ಗಾಡಿಯ ಮುಂದೆ ಬಾಟಲಿಗಳ ಸಾಲು: ಬೆಳ್ಳುಳ್ಳಿಯದು, ಗುಲಾಬಿ ಬಣ್ಣದ್ದು, ಖಾರದ್ದು, ಜೋಳದ್ದು, ಮತ್ತೆ ನಮ್ಮ ಹಸಿರಿನದು. ಎಲ್ಲ ಬಾಟಲಿಯಿಂದಲೂ ಹಾಕಿಸಿಕೊಂಡು ಮೂಲ ಪದಾರ್ಥ ಕಾಣದಂತೆ ಮಾಡಿಕೊಳ್ಳುವವರೂ ಇದ್ದಾರೆ. ಅವರನ್ನು ದೇವರೇ ಕಾಪಾಡಬೇಕು. ಇದಕ್ಕೆ ತೀರಾ ವಿರುದ್ಧ ದಿಕ್ಕಿನಲ್ಲಿ ಯಾನೋಸ್ ಎಂಬ ಬಯಲುಸೀಮೆಯಿದೆ. ದನ ಕಾಯುವವರ ನಾಡು. ದೊಡ್ಡ ದೊಡ್ಡ ಮಾಂಸದ ತುಂಡುಗಳನ್ನು ಕೋಲಿಗೆ ಚುಚ್ಚಿ, ಬೆಂಕಿಯ ಸುತ್ತ ನೆಲಕ್ಕೆ ನೆಟ್ಟು, ಗಂಟೆಗಟ್ಟಲೆ ಬಿಡುತ್ತಾರೆ. ಹಾಕುವುದು ಬರೀ ಉಪ್ಪು. ಪಕ್ಕಕ್ಕೆ ಬೇಯಿಸಿದ ಮರಗೆಣಸು, ಮತ್ತೆ ಗ್ವಾಸಕಾಕಾ. ಕೊಬ್ಬು ತೊಟ್ಟಿಕ್ಕುವ ಮಾಂಸ, ಸಪ್ಪೆ ಗೆಣಸು, ಇವೆರಡನ್ನೂ ಗಂಟಲಲ್ಲಿ ಇಳಿಸಲು ಹುಳಿಯೇ ಬೇಕು. ಯಾವುದಕ್ಕಾದರೂ ಹುಳಿ ಹಿಂಡಿದರೆ ಕೆಟ್ಟಿತು ಅನ್ನುವುದು ನಮ್ಮ ಮಾತು. ಅವರಲ್ಲಿ ಹಿಂಡದಿದ್ದರೆ ಕೆಟ್ಟಿತು.

ಈಗ ನಮ್ಮ ಮನೆಯವರ ವಿಚಾರಕ್ಕೆ ಬರಬೇಕು. ಅವರು ಎಂಜಿನಿಯರು. ಅಡುಗೆಮನೆಗೆ ಬಂದರೆ ಮೊದಲು ಕೇಳುವ ಪ್ರಶ್ನೆ 'ಎಷ್ಟು ಗ್ರಾಂ?', ಎರಡನೆಯದು 'ಇದು ಅಸಲಿಯೇ?' ಇಂಥವರಿಂದ ಅಡುಗೆಗೆ ಏನು ಉಪಕಾರ ಎಂದು ಕೇಳುವವರ ಪೈಕಿ ನಾನೂ ಒಬ್ಬಳಾಗಿದ್ದೆ. ಆದರೆ ವೆನೆಜುವೆಲಾದ ಅಡುಗೆಮನೆಯ ಚರಿತ್ರೆ ತೆಗೆದರೆ ಎಂಜಿನಿಯರುಗಳೇ ಕಾಲಿಗೆ ತೊಡರುತ್ತಾರೆ. ಅವರ ದಿನನಿತ್ಯದ ರೊಟ್ಟಿ ಅರೆಪಾ. ಅದಕ್ಕೆ ಹಿಂದೆಲ್ಲ ಜೋಳವನ್ನು ಮರದ ಒರಳಿನಲ್ಲಿ ಕುಟ್ಟಿ, ಬೇಯಿಸಿ, ರುಬ್ಬಿ ಹೆಂಗಸರ ರಟ್ಟೆ ಬೀಳುತ್ತಿತ್ತು. ಬೇಯಿಸಿದ ಜೋಳದ ಹಿಟ್ಟನ್ನು ಒಣಗಿಸಿ ಪುಡಿಯಾಗಿ ಇಡುವ ಉಪಾಯಕ್ಕೆ 1954ರಲ್ಲಿ ಪೇಟೆಂಟ್ ಪಡೆದವರು ಲೂಯಿಸ್ ಕಬಾಯೇರೊ ಮೆಹಿಯಾಸ್ ಎಂಬ ಎಂಜಿನಿಯರು. 1960ರಲ್ಲಿ ಪೋಲಾರ್ ಎಂಬ ಬಿಯರ್ ಕಂಪನಿ ಇಂಥ ಹಿಟ್ಟನ್ನು ಹರಿನಾ ಪಾನ್ ಹೆಸರಿನಲ್ಲಿ ಪೇಟೆಗೆ ಬಿಟ್ಟಿತು. ಬಿಯರ್ ಮಾಡುವವರು ಹೆಂಗಸರ ರಟ್ಟೆ ಉಳಿಸಿದ್ದು ಲೋಕದಲ್ಲಿ ಅದೊಂದೇ ಸಲ ಇರಬೇಕು.

ಇನ್ನೊಬ್ಬರು ಅರ್ಮಾಂಡೊ ಸ್ಕನೋನೆ. 1922ರಲ್ಲಿ ಹುಟ್ಟಿದ ಇವರೂ ಸಿವಿಲ್ ಎಂಜಿನಿಯರು. ತಾನು ಚಿಕ್ಕಂದಿನಲ್ಲಿ ಮನೆಯಲ್ಲಿ ತಿಂದ ಕರಾಕಸ್ ಅಡುಗೆ ಮರೆತುಹೋಗುತ್ತಿದೆ ಎಂಬ ಚಿಂತೆ ಹತ್ತಿತು ಇವರಿಗೆ. ಹಾಗೆಂದು ಸೌಟು ಹಿಡಿದರು ಅಂದುಕೊಂಡಿರೋ? ಇಲ್ಲ. ಮನೆಯ ಅಡುಗೆಯವರಿಂದ ಮಾಡಿಸಿದರು, ರುಚಿ ನೋಡಿದರು, ಇದಲ್ಲ ಎಂದರು, ಮತ್ತೆ ಮಾಡಿಸಿದರು, ಅಳತೆ ಬರೆದುಕೊಂಡರು. ಕೈಯಂದಾಜಿನಲ್ಲಿ ಹಾಕುತ್ತಿದ್ದವರ ಕೈ ತಡೆದು, ಹಾಕುವ ಮೊದಲು ಅಳೆಸಿದರು. ಆ ಅಡುಗೆಯವರ ತಾಳ್ಮೆಗೆ ಒಂದು ಪ್ರತಿಮೆಯನ್ನಾದರೂ ನಿಲ್ಲಿಸಬೇಕಿತ್ತು. ಕೊನೆಗೆ 1982ರಲ್ಲಿ ಪುಸ್ತಕ ಬಂತು: 'ನನ್ನ ಅಡುಗೆ, ಕರಾಕಸ್ ರೀತಿಯಲ್ಲಿ' ಎಂಬ ಅರ್ಥದ ಸ್ಪ್ಯಾನಿಷ್ ಹೆಸರು ಅದಕ್ಕೆ. ರಟ್ಟು ಕೆಂಪಾದ್ದರಿಂದ ಜನ 'ಕೆಂಪು ಪುಸ್ತಕ' ಅನ್ನುತ್ತಾರೆ. ಕಳೆದ ಹತ್ತು ವರ್ಷಗಳಲ್ಲಿ ದೇಶದ ಪರಿಸ್ಥಿತಿ ಹದಗೆಟ್ಟು 70 ಲಕ್ಷಕ್ಕೂ ಹೆಚ್ಚು ಜನ ವೆನೆಜುವೆಲಾ ಬಿಟ್ಟಾಗ, ಎಷ್ಟೋ ಮನೆಗಳವರ ಪೆಟ್ಟಿಗೆಯಲ್ಲಿ ಈ ಪುಸ್ತಕ ಹೋಯಿತು. ಬೊಗೊಟಾ, ಲಿಮಾ, ಮ್ಯಾಡ್ರಿಡ್, ಮಯಾಮಿಯ ಪಕ್ಕದ ಡೊರಾಲ್, ಎಲ್ಲಿ ಹೋದರೂ ಅರೆಪಾ ಅಂಗಡಿ ತೆರೆದರು. ಮೇಜಿನ ಮೇಲೆ ಹಸಿರು ಬಾಟಲಿ ಇಟ್ಟರು. ನಮಗೆ ಈ ಹೆಸರು ಕಿವಿಗೆ ಬಿದ್ದದ್ದೂ ಆ ದಾರಿಯಿಂದಲೇ. ಎಂಜಿನಿಯರುಗಳ ಈ ಕಥೆಯನ್ನು ಮನೆಯವರಿಗೆ ಹೇಳಿದ್ದೇ ತಡ, ಅಡುಗೆಮನೆಯ ತಕ್ಕಡಿ ಕಪಾಟಿನಿಂದ ಕೆಳಗಿಳಿಯಿತು. ಹೇಳಬಾರದಿತ್ತೇನೋ.

ಮೊದಲ ಜಗಳ ಹಣ್ಣಿನದೇ. ಮನೆಯವರಿಗೆ ಹಾಸ್ ಬೇಕು. ಅದೇ, ಅಂಗೈಯಗಲದ, ಒರಟು ಸಿಪ್ಪೆಯ, ಹಣ್ಣಾದರೆ ಕಪ್ಪಾಗುವ, ಸೂಪರ್ ಮಾರ್ಕೆಟ್ಟಿನಲ್ಲಿ ಒಂದೊಂದಕ್ಕೂ ಸ್ಟಿಕ್ಕರ್ ಅಂಟಿಸಿಕೊಂಡು ತಣ್ಣಗೆ ಕೂತಿರುವ ತಳಿ. ಅದರ ಮೂಲ ಕ್ಯಾಲಿಫೋರ್ನಿಯಾ. ರುಡಾಲ್ಫ್ ಹಾಸ್ ಎಂಬ ಅಂಚೆಯಣ್ಣ ತನ್ನ ತೋಟದಲ್ಲಿ ನೆಟ್ಟ ಬೀಜದಿಂದ ಎದ್ದ ಗಿಡ. 1935ರಲ್ಲಿ ಆತ ಅದಕ್ಕೆ ಪೇಟೆಂಟ್ ಮಾಡಿಸಿದ. ಎಣ್ಣೆಯಂಶ ಹೆಚ್ಚು, ಸಿಪ್ಪೆ ದಪ್ಪ, ಹಡಗಿನಲ್ಲಿ ವಾರಗಟ್ಟಲೆ ಕೂತರೂ ಕೆಡುವುದಿಲ್ಲ. ಹಾಗಾಗಿ ಪ್ರಪಂಚವನ್ನೇ ಗೆದ್ದುಕೊಂಡಿತು. ಗ್ವಾಕಮೋಲೆಗೆ ಅದು ಸರಿ. ಆದರೆ ಕರಾಕಸ್ ಸಂತೆಯಲ್ಲಿ ರಾಶಿ ಬೀಳುವ ಹಣ್ಣು ಹೆಚ್ಚಾಗಿ ಬೇರೆಯದು: ದೊಡ್ಡದು, ಹಸಿರು, ನುಣುಪು ಸಿಪ್ಪೆ, ಎಣ್ಣೆ ಕಡಿಮೆ, ನೀರು ಜಾಸ್ತಿ. ಕೇಳಿದಂತೆ ಅನಿಸಿತೇ? ಅನಿಸಲೇಬೇಕು. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಲ್ಲಿ ನೆರಳಿಗೆಂದು ನಿಂತಿರುವ ಮರಗಳಲ್ಲಿ ಬಿಡುವ ನಮ್ಮ ಬೆಣ್ಣೆಹಣ್ಣೂ ಬಹುಪಾಲು ಇದೇ ಚಹರೆಯದು. ಕರಾಕಸ್‌ನ ಹೆಂಗಸೊಬ್ಬಳನ್ನು ಮೂಡಿಗೆರೆ ಸಂತೆಗೆ ತಂದು ನಿಲ್ಲಿಸಿದರೆ ಅವಳ ಕೈ ನೇರ ನಮ್ಮ ಹಣ್ಣಿಗೇ ಹೋಗುತ್ತದೆಂದು ನಾನು ಪಂಥ ಕಟ್ಟುತ್ತೇನೆ. ಅಸಲಿ ಬೇಕೆಂದು ಸ್ಟಿಕ್ಕರ್ ಹಣ್ಣಿಗೆ ದುಡ್ಡು ಸುರಿಯುವವರು ಅಸಲಿಯಿಂದ ಇನ್ನಷ್ಟು ದೂರ ಹೋಗುತ್ತಿರುತ್ತಾರೆ.

ಮೂಡಿಗೆರೆ ಕಡೆ ನನಗೊಬ್ಬ ದೊಡ್ಡಮ್ಮ ಇದ್ದಾಳೆ. ಬೆಣ್ಣೆಹಣ್ಣು ಕೊಂಡೆ ಅಂದರೆ ಅವಳಿಗೆ ನಗು. "ಏನೇ, ದುಡ್ಡು ಕೊಟ್ಟು ತಗೊಂಡ್ಯಾ? ನಮ್ಮಲ್ಲಿ ಬಿದ್ದ ಹಣ್ಣೆಲ್ಲ ನಾಯಿ ತಿಂದು, ಅದರ ಮೈ ಹೇಗೆ ಮಿಂಚ್ತಿದೆ ಬಂದು ನೋಡು." ತೋಟದ ನಾಯಿಗಳಿಗೆ ಈ ಹಣ್ಣಿನ ಹುಚ್ಚು ಇರುವುದು ನಿಜ. ಈಗ ವ್ಯಾಪಾರಿಗಳು ಗೇಟಿನವರೆಗೂ ಬಂದು ಕೊಂಡುಹೋಗುವುದರಿಂದ ನಾಯಿಯ ಪಾಲಿಗೆ ಕತ್ತರಿ ಬಿದ್ದಿದೆಯಂತೆ. ಅಂದಹಾಗೆ, ನಾಯಿ ತಿಂದು ಗುಂಡಗಿದೆಯಲ್ಲಾ ಎಂದು ಮನೆಯ ಗಿಳಿಗೂ ಒಂದು ಚೂರು ಕೊಡಲು ಹೋಗಬೇಡಿ. ಈ ಹಣ್ಣಿನಲ್ಲಿ, ಎಲೆಯಲ್ಲಿ ಪರ್ಸಿನ್ ಎಂಬ ಅಂಶವಿದೆ. ಹಕ್ಕಿಗಳಿಗೆ ಅದು ವಿಷ.

ಹಣ್ಣು ಆರಿಸುವುದೂ ಒಂದು ಕಲೆ. ಬೆಣ್ಣೆಹಣ್ಣು ಮರದಲ್ಲಿ ಬಲಿಯುತ್ತದೆಯೇ ಹೊರತು ಹಣ್ಣಾಗುವುದಿಲ್ಲ. ಕಿತ್ತ ಮೇಲೆಯೇ ಅದಕ್ಕೆ ಬುದ್ಧಿ ಬರುವುದು. ಹಾಗಾಗಿ ಅಂಗಡಿಯಲ್ಲಿ ಕಲ್ಲಿನಂತಿದ್ದರೆ ತಂದು ಬಾಳೆಹಣ್ಣಿನ ಜೊತೆ ಕಾಗದದಲ್ಲಿ ಸುತ್ತಿಡಿ. ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಇದೂ ಮೆತ್ತಗಾಗುತ್ತದೆ. ನಮ್ಮ ನಾಟಿ ಹಣ್ಣಿಗೆ ಇನ್ನೊಂದು ಸೌಕರ್ಯವಿದೆ. ಹಲವು ಮರದ ಹಣ್ಣಿನಲ್ಲಿ ಬೀಜ ಸಡಿಲ. ಕಿವಿಯ ಹತ್ತಿರ ಅಲ್ಲಾಡಿಸಿದರೆ ಟಕಟಕ ಎನ್ನುತ್ತದೆ. ದಯವಿಟ್ಟು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಬೇಡಿ. ನೀವು ಒತ್ತಿದ ಜಾಗ ಮರುದಿನ ಕಪ್ಪಾಗಿ, ಅದನ್ನು ಕೊಂಡವರು ನಿಮಗೆ ಶಾಪ ಹಾಕುತ್ತಾರೆ. ಕತ್ತರಿಸುವಾಗಲೂ ಹುಷಾರು. ಹೋಳನ್ನು ಅಂಗೈಯಲ್ಲಿ ಹಿಡಿದು ಬೀಜಕ್ಕೆ ಚಾಕು ಹೊಡೆಯುವ ಶೂರರಿದ್ದಾರೆ; ಹೀಗೆ ಕೈ ಕುಯ್ದುಕೊಂಡು ಬರುವವರನ್ನು ಹೊಲಿದು ಹೊಲಿದು ಸಾಕಾಗಿ, ಹಣ್ಣಿನ ಮೇಲೆ ಎಚ್ಚರಿಕೆಯ ಚೀಟಿ ಅಂಟಿಸಿ ಎಂದು ಬ್ರಿಟನ್ನಿನ ಪ್ಲಾಸ್ಟಿಕ್ ಸರ್ಜನ್ನರು 2017ರಲ್ಲಿ ಹೇಳಬೇಕಾಯಿತು. ಚಮಚದಲ್ಲಿ ಬೀಜ ಎಬ್ಬಿಸಿದರೆ ಮರ್ಯಾದೆಗೇನೂ ಕುಂದಿಲ್ಲ.

ಎರಡನೆಯ ಜಗಳ ಮೆಣಸಿನಕಾಯಿಯದು. ವೆನೆಜುವೆಲಾದ ಅಡುಗೆಯ ಜೀವ ಇರುವುದು ಅಹೀ ದುಲ್ಸೆ ಎಂಬ ಪುಟ್ಟ ಮೆಣಸಿನಕಾಯಿಯಲ್ಲಿ. ನೋಡಲು ಹಬನೇರೊದ ಅಣ್ಣತಮ್ಮ, ಕುಲವೂ ಅದೇ. ಕಣ್ಣಲ್ಲಿ ನೀರು ತರಿಸುವ ಆ ಕುಲದಲ್ಲಿ ಹುಟ್ಟಿಯೂ ಇದಕ್ಕೆ ಖಾರವೇ ಇಲ್ಲ. ಬರೀ ಪರಿಮಳ. ಮೆಣಸಿನಕಾಯಿಯಾಗಿ ಹುಟ್ಟಿ ಖಾರವಿಲ್ಲದಿದ್ದರೆ ಏನು ಪ್ರಯೋಜನ ಎಂದು ಗುಂಟೂರು ಪಕ್ಷಪಾತಿಗಳು ಕೇಳಬಹುದು. ಬ್ಯಾಡಗಿ ತಿನ್ನುವವರು ಕೇಳುವುದಿಲ್ಲ. ಖಾರ ಕಡಿಮೆಯಿದ್ದರೂ ಅದರ ಮಾನವೇನೂ ಕಡಿಮೆಯಾಗಿಲ್ಲ ಎಂದು ಅವರಿಗೆ ಗೊತ್ತು. ಅಹೀ ದುಲ್ಸೆ ನಮಗೆ ಸಿಗುವುದಿಲ್ಲ. ಮನೆಯವರು ಫೋನಿನಲ್ಲಿ ಬೀಜ ಹುಡುಕಿ, ಕುಂಡದಲ್ಲಿ ಬೆಳೆಯುವ ಯೋಜನೆಯ ನಕ್ಷೆ ಬರೆಯುತ್ತಿದ್ದಾಗ ನಾನು ಹಸಿರು ದೊಣ್ಣೆಮೆಣಸಿನಕಾಯಿಯನ್ನು ಹೆಚ್ಚಿ ಮುಗಿಸಿದೆ. ವೆನೆಜುವೆಲಾದವರೂ ಗ್ವಾಸಕಾಕಾಕ್ಕೆ ಅದನ್ನೇ ಹಾಕುತ್ತಾರೆ, ಅಹೀ ದುಲ್ಸೆ ಇದ್ದರೆ ಜೊತೆಗೆ ಒಂದೆರಡು. ಖಾರ ಬೇಕಾದವರು ಒಂದು ಹಸಿಮೆಣಸಿನಕಾಯಿ ಹಾಕಿಕೊಳ್ಳಿ, ಯಾರೂ ಪೊಲೀಸರನ್ನು ಕರೆಯುವುದಿಲ್ಲ. ಎರಡು ಹಾಕಿದರೆ ಮಾತ್ರ ಅದಕ್ಕೆ ಬೇರೆ ಹೆಸರಿಡಿ.

ಹುಳಿಗೆ ಬಂದರೆ, ನಿಂಬೆಹಣ್ಣೋ ವಿನಿಗರೋ? ನಿಂಬೆ ಹಿಂಡುವವರು ಅಲ್ಲೂ ಇದ್ದಾರೆ. ನಾನು ವಿನಿಗರ್ ಪಕ್ಷ. ನಿಂಬೆಯ ಹುಳಿ ಬೆಣ್ಣೆಹಣ್ಣನ್ನು ಎತ್ತಿ ಹಿಡಿದು ಗ್ವಾಕಮೋಲೆಯ ಕಡೆಗೆ ಎಳೆದೊಯ್ಯುತ್ತದೆ. ವಿನಿಗರ್ ಸೊಪ್ಪು-ಬೆಳ್ಳುಳ್ಳಿಯ ಕಡೆ ನಿಲ್ಲುತ್ತದೆ. ನಮ್ಮ ಮನೆಗಳಲ್ಲಿ ವಿನಿಗರ್ ಎಂದರೆ ಗೋಬಿ ಮಂಚೂರಿಗೆಂದು ತಂದು, ಒಮ್ಮೆ ಎರಡು ಹನಿ ಹಾಕಿ, ಕಪಾಟಿನ ಹಿಂದಕ್ಕೆ ತಳ್ಳಿದ ಬಾಟಲಿ. ಅದಕ್ಕೊಂದು ಸದ್ಗತಿ ಕಾಣಿಸುವ ಸಂದರ್ಭವಿದು. ಕೊಡಗಿನವರು 'ನಮ್ಮ ಕಾಚಂಪುಳಿ ಇರುವಾಗ ಇದೇಕೆ?' ಎಂದು ಕೇಳಿಯಾರು. ಕಾಚಂಪುಳಿಯ ಮೇಲೆ ನನಗೆ ಅಪಾರ ಗೌರವ. ಆದರೆ ಅದು ಡಾಂಬರಿನಷ್ಟು ಕಪ್ಪು. ಹಾಕಿದರೆ ಹಸಿರು ಸಾಲ್ಸಾ ಇದ್ದಿಲ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಪಂದಿಕರಿಗೇ ಬಿಟ್ಟುಬಿಡೋಣ.

ಮಾಡುವುದಕ್ಕೆ ಹೆಚ್ಚು ಹೊತ್ತು ಬೇಡ. ಒಂದು ಈರುಳ್ಳಿಯನ್ನು ಒರಟಾಗಿ ಹೆಚ್ಚಿ, 3 ದೊಡ್ಡ ಚಮಚ ವಿನಿಗರ್, ಒಂದು ಚಮಚ ಉಪ್ಪಿನಲ್ಲಿ ಹತ್ತು ನಿಮಿಷ ನೆನೆಯಲು ಬಿಡಿ. ಹಸಿ ಈರುಳ್ಳಿಯ ರೋಷ ಅಷ್ಟರಲ್ಲಿ ಇಳಿಯುತ್ತದೆ. ಆಮೇಲೆ ಅದನ್ನು ವಿನಿಗರ್ ಸಮೇತ ಮಿಕ್ಸಿಗೆ ಸುರಿದು, ಬೀಜ ತೆಗೆದ ಒಂದು ದೊಣ್ಣೆಮೆಣಸಿನಕಾಯಿ, 2 ಎಸಳು ಬೆಳ್ಳುಳ್ಳಿ, ಒಳ್ಳೆ ಹಿಡಿ ತುಂಬ ಕೊತ್ತಂಬರಿ, ಅದರರ್ಧ ಪಾರ್ಸ್ಲಿ ಹಾಕಿ. ಕೊತ್ತಂಬರಿಯ ದಂಟನ್ನು ಬಿಸಾಡಬೇಡಿ. ಘಮ ಎಲೆಗಿಂತ ಅದರಲ್ಲೇ ಜಾಸ್ತಿ. ಪಾರ್ಸ್ಲಿ ಸಿಗದಿದ್ದರೆ ಕೊತ್ತಂಬರಿಯನ್ನೇ ಇನ್ನಷ್ಟು ಹಾಕಿ, ಪುದೀನ ಮಾತ್ರ ಬೇಡ. ಪುದೀನ ಬಿತ್ತೆಂದರೆ ಅದು ಸ್ಯಾಂಡ್‌ವಿಚ್ ಚಟ್ನಿಯಾಗಿ ರೈಲು ಹತ್ತಿ ಮುಂಬಯಿಗೆ ಹೋಗುತ್ತದೆ. ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಜಾರು ಬಿಸಿಯಾಗಿ ಸೊಪ್ಪಿನ ಬಣ್ಣ ಮಂಕಾಗುತ್ತದೆ, ಬೆಳ್ಳುಳ್ಳಿ ಗಂಟಲು ಹಿಡಿಯುತ್ತದೆ. ಕೊನೆಗೆ ಕಾಲು ಲೋಟ ಎಣ್ಣೆ. ಘಾಟಿಲ್ಲದ ಎಣ್ಣೆ, ಸೂರ್ಯಕಾಂತಿಯೇ ಸಾಕು. ಆಲಿವ್ ಎಣ್ಣೆಯನ್ನು ಮಿಕ್ಸಿಯ ಬ್ಲೇಡಿಗೆ ಕೊಟ್ಟರೆ ಕಹಿ ಬಿಡುತ್ತದೆ. ದುಡ್ಡೂ ಹೋಯಿತು, ರುಚಿಯೂ ಹೋಯಿತು.

ಈಗ ಬೆಣ್ಣೆಹಣ್ಣು. ದೊಡ್ಡದೊಂದು ಸಾಕು. ಅರ್ಧವನ್ನು ಮಿಕ್ಸಿಗೆ ಹಾಕಿ ಎರಡೇ ಸುತ್ತು ತಿರುಗಿಸಿ, ಉಳಿದರ್ಧವನ್ನು ಸಣ್ಣ ಚೌಕಗಳಾಗಿ ಹೆಚ್ಚಿ ಬಟ್ಟಲಿನಲ್ಲಿ ಬೆರೆಸಿ. ಪೂರ್ತಿ ನುಣ್ಣಗೆ ಇರಬೇಕೆನ್ನುವವರು, ಪೂರ್ತಿ ಹೆಚ್ಚಿಯೇ ಹಾಕಬೇಕೆನ್ನುವವರು, ಎರಡೂ ಗುಂಪು ವೆನೆಜುವೆಲಾದಲ್ಲಿ ಇವೆ, ಒಂದೇ ಮನೆಯಲ್ಲಿ ಇದ್ದರೂ ಆಶ್ಚರ್ಯವಿಲ್ಲ. ಕಾಳುಮೆಣಸು ಕುಟ್ಟಿ ಉದುರಿಸಿ. ಚಮಚ ಎತ್ತಿದರೆ ಇಳಿಯಬೇಕು, ಗುಡ್ಡೆಯಾಗಿ ಕೂರಬಾರದು. ಕೂತರೆ ಇನ್ನೊಂದು ಚಮಚ ವಿನಿಗರ್, ಎರಡು ಚಮಚ ನೀರು. ಮಾಡಿದ ಕೂಡಲೇ ಬಾಯಿಗಿಟ್ಟರೆ ಒಬ್ಬೊಬ್ಬರ ದನಿಯೂ ಬೇರೆ ಬೇರೆ ಕೇಳುತ್ತದೆ: ಇದು ಈರುಳ್ಳಿ, ಇದು ವಿನಿಗರ್, ಇದು ಸೊಪ್ಪು. ಒಂದು ಗಂಟೆ ಬಿಟ್ಟು ತಿನ್ನಿ. ಅಷ್ಟರಲ್ಲಿ ರಾಜಿಯಾಗಿರುತ್ತದೆ.

ಕಪ್ಪಾಗುತ್ತದಲ್ಲ ಎಂಬ ಚಿಂತೆ ಎಲ್ಲರದೂ. ಕತ್ತರಿಸಿದ ಹಣ್ಣಿನಲ್ಲಿರುವ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಗಾಳಿಯ ಆಮ್ಲಜನಕದ ಜೊತೆ ಸೇರಿ ನಡೆಸುವ ಕಿತಾಪತಿ ಅದು. ಸೇಬು, ಬದನೆಕಾಯಿ ಕಂದುವುದೂ ಹೀಗೆಯೇ. ಹುಳಿಯ ಮುಂದೆ ಈ ಕಿಣ್ವದ ಆಟ ನಿಧಾನವಾಗುತ್ತದೆ. ಅದಕ್ಕೇ ವಿನಿಗರ್ ಹೊಡೆದ ಗ್ವಾಸಕಾಕಾ ಗ್ವಾಕಮೋಲೆಗಿಂತ ಹೆಚ್ಚು ಹೊತ್ತು ಹಸಿರಾಗಿರುತ್ತದೆ. ಹಣ್ಣಿನ ಬೀಜವನ್ನು ಬಟ್ಟಲ ಮಧ್ಯೆ ಇಟ್ಟರೆ ಕಪ್ಪಾಗುವುದಿಲ್ಲ ಎಂಬ ನಂಬಿಕೆ ಆ ಕಡೆಯ ಅಡುಗೆಮನೆಗಳಲ್ಲಿ ಬಲವಾಗಿದೆ. ಬೀಜದ ಕೆಳಗೆ ಕಪ್ಪಾಗುವುದಿಲ್ಲ, ನಿಜ. ಅಲ್ಲಿಗೆ ಗಾಳಿ ಹೋಗುವುದಿಲ್ಲವಲ್ಲ. ಸುತ್ತಲಿನದು ಬೀಜದ ಮುಖ ನೋಡಿ ಹೆದರುವುದಿಲ್ಲ. ಮೇಲ್ಮೈಗೆ ಅಂಟುವಂತೆ ಪ್ಲಾಸ್ಟಿಕ್ ಹಾಳೆಯನ್ನೋ ಬಾಳೆಲೆಯ ಚೂರನ್ನೋ ಒತ್ತಿ ಫ್ರಿಜ್ಜಿನಲ್ಲಿಟ್ಟರೆ ಎರಡು ದಿನಕ್ಕೆ ಮೋಸವಿಲ್ಲ. ಆದರೂ ನಾನು ಬೀಜ ಇಡುತ್ತೇನೆ. ನೋಡಲು ಚೆಂದ.

ಏನಿದ್ದರೂ ಇದು ಜೊತೆಗಾರ ಪದಾರ್ಥ ಎಂದೆನಲ್ಲ, ಮಾಂಸ ತಿನ್ನದವರು ಯಾವುದರ ಜೊತೆ ತಿನ್ನಬೇಕು? ಮರಗೆಣಸು. ಅವರೂ ಅದರ ಜೊತೆಗೇ ತಿನ್ನುತ್ತಾರೆ. ದಪ್ಪ ತುಂಡು ಮಾಡಿ, ಉಪ್ಪುನೀರಿನಲ್ಲಿ ಬಿರಿಯುವಷ್ಟು ಬೇಯಿಸಿ, ನಡುವಿನ ನಾರು ಎಳೆದು, ನೀರು ಆರಿದ ಮೇಲೆ ಎಣ್ಣೆಗೆ ಬಿಡಿ. ಬಿರಿದ ಅಂಚೆಲ್ಲ ಗರಿಗರಿಯಾಗುತ್ತದೆ, ಒಳಗೆ ಹಿಟ್ಟುಹಿಟ್ಟು. ಅದರ ಮೇಲೆ ಒಂದು ಚಮಚ ಹಸಿರು ಬಿದ್ದರೆ, ಮಾಂಸದವರ ಕಡೆ ನೋಡುವ ಅಗತ್ಯವೇ ಬೀಳುವುದಿಲ್ಲ. ಈ ಗೆಣಸೂ ದಕ್ಷಿಣ ಅಮೆರಿಕದ್ದೇ. ಅಲ್ಲಿನ ಮೂಲನಿವಾಸಿಗಳು ಕಹಿ ಜಾತಿಯ ಮರಗೆಣಸನ್ನು ತುರಿದು, ಹೆಣೆದ ಉದ್ದನೆಯ ಚೀಲದಲ್ಲಿ ತುಂಬಿ ಜಗ್ಗಿ, ವಿಷದ ರಸ ಹಿಂಡಿ ತೆಗೆದು, ಉಳಿದದ್ದರಲ್ಲಿ ಕಸಾಬೆ ಎಂಬ ಅಗಲವಾದ ರೊಟ್ಟಿ ತಟ್ಟುತ್ತಾರೆ. 2024ರಲ್ಲಿ ಯುನೆಸ್ಕೊ ಅದನ್ನು ವೆನೆಜುವೆಲಾ ಸೇರಿ ಐದು ದೇಶಗಳ ಪರಂಪರೆ ಎಂದು ಪಟ್ಟಿಗೆ ಸೇರಿಸಿತು.

ಈ ಪಟ್ಟಿಯ ಸುದ್ದಿ ಕೇಳಿದ್ದೇ ಮನೆಯವರಿಗೆ ಮತ್ತೆ ಅಸಲಿಯ ಹುರುಪು ಬಂತು. "ನಿನ್ನ ಗ್ವಾಸಕಾಕಾ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಹಾಸ್ ಇಲ್ಲ, ಅಹೀ ದುಲ್ಸೆ ಇಲ್ಲ, ವಿನಿಗರ್ ನೋಡಿದರೆ ಮಂಚೂರಿದು. ಅಪ್ಪಟ ಅಲ್ಲಿಯದೇ, ಮೂಲನಿವಾಸಿಗಳದೇ ಸಾಸು ಒಂದನ್ನ ಮಾಡಬಾರದಾ?" ಅಂದರು.

"ಮಾಡಬಹುದು," ಅಂದೆ. "ಆ ವಿಷದ ರಸ ಇದೆಯಲ್ಲ, ಅದನ್ನ ಬಹಳ ಹೊತ್ತು ಕುದಿಸಿ ವಿಷ ಹೋಗಲಾಡಿಸಿ, ಮೆಣಸಿನಕಾಯಿ ಹಾಕಿ ಕತಾರಾ ಅಂತ ಮಾಡ್ತಾರೆ. ಅದಕ್ಕೆ ಬಚಾಕೊ ಹಾಕಬೇಕು."

"ಹಾಕೋಣ. ಬಚಾಕೊ ಅಂದರೆ? ಆನ್‌ಲೈನಲ್ಲಿ ಸಿಗತ್ತಾ?"

"ಇರುವೆ. ಇಷ್ಟಿಷ್ಟು ದಪ್ಪದ್ದು. ಬೇಡ ಅಂದ್ರೆ ಬಿಡಿ, ಮಲೆನಾಡಿನಲ್ಲೂ ಚಗಳಿ ಚಟ್ನಿ ಮಾಡ್ತಾರಲ್ಲ, ಆ ಇರುವೆನೇ ತರಬಹುದು. ದೊಡ್ಡಮ್ಮನ ತೋಟದ ಮರದಲ್ಲಿ ಗೂಡಿದೆ. ಮರ ಹತ್ತಿ ಕೊಂಬೆ ಅಲ್ಲಾಡಿಸಿದರೆ ಆಯ್ತು. ನೀವು ಹತ್ತೋದಾದ್ರೆ ಫೋನ್ ಮಾಡಿ ಏಣಿ ತೆಗೆದಿಡೋಕೆ ಹೇಳ್ತೀನಿ."

ಮನೆಯವರು ಒಂದು ತುಂಡು ಮರಗೆಣಸು ತೆಗೆದುಕೊಂಡರು. ಅದರ ಮೇಲೆ ಹಸಿರು ಸಾಲ್ಸಾ ಧಾರಾಳವಾಗಿ ಸುರಿದುಕೊಂಡರು. ಮಂಚೂರಿ ವಿನಿಗರಿನಲ್ಲೇ ಒಂದು ಥರ ಘಮ ಇದೆ, ಅಲ್ವಾ ಅಂದರು.